‘ಅದು ಬೇರೆ’ ಪೇಂಟರ ವಿಹಾರನೌಕೆ

ಮನೆಗಳಿಗೆ ಬಣ್ಣ ಹೊಡೆಯುವ ಆ ಪೇಂಟರಿಗೆ ಗಿರಾಕಿಗಳು ಬೆನ್ನ ಹಿಂದೆ ಇಟ್ಟಿದ್ದ ಹೆಸರು ‘ಅದು ಬೇರೆ’. ಗೋಡೆಗಳನ್ನು ಒಮ್ಮೆ ನೋಡಿ, ಕೇಳಿದವರ ಮುಖ ಅರಳುವಂಥ ರೇಟು ಹೇಳುತ್ತಿದ್ದರು. ಹಳೇ ಬಣ್ಣ ಕೆರೆದು ಮನೆಯೆಲ್ಲ ಧೂಳಾದ ಮೇಲೆ, ಅಂದರೆ ಗಿರಾಕಿ ಹಿಂದೆ ಸರಿಯಲಾಗದ ಹೊತ್ತಿಗೆ, ಪುಟ್ಟಿ ಅದು ಬೇರೆ, ಪ್ರೈಮರ್ ಅದು ಬೇರೆ, ಎತ್ತರದ ಗೋಡೆಗೆ ಕಟ್ಟುವ ಸಾರವೆ ಅದು ಬೇರೆ ಎಂದು ಒಂದೊಂದಾಗಿ ಹೊರಬೀಳುತ್ತಿತ್ತು. ಸುಳ್ಳು ಹೇಳುವವರಲ್ಲ ಪೇಂಟರು. ನಿಜವನ್ನು ಕಂತಿನಲ್ಲಿ ಹೇಳುವವರು, ಅಷ್ಟೇ.

ಒಂದು ಭಾನುವಾರ ಹೆಂಡತಿಯ ಅಕ್ಕ ಬಂದು, ತಾವು ಸಮುದ್ರದ ಎದುರಿನ ಹೋಟೆಲಿನಲ್ಲಿ ಉಳಿದ ಕಥೆಯನ್ನು ಮತ್ತೆ ಶುರುಮಾಡಿದರು. ಪೇಂಟರಿಗೆ ತಡೆಯಲಾಗಲಿಲ್ಲ.

“ನಾವು ಸಮುದ್ರದ ಎದುರಿಗಲ್ಲ, ಮೇಲೇ ಇರ್ತೀವಿ. ಯಾಟ್ ಬುಕ್ ಮಾಡ್ತಿದ್ದೀನಿ.”

ವಿಹಾರನೌಕೆಯ ಬಾಡಿಗೆಯನ್ನೇನೋ ಫೋನಿನಲ್ಲಿ ನೋಡಿದ್ದರು, ಕೈಗೆಟುಕುವಂತಿತ್ತು. ಹೆಂಡತಿ ತಟ್ಟನೆ ಅವರ ಮುಖ ನೋಡಿದರು. ಮದುವೆಯಾದಾಗಿನಿಂದ ರಜೆಯೆಂದು ಎಲ್ಲಿಗೂ ಹೋಗದ ಹೆಂಗಸು. ಆ ಕಣ್ಣಿನ ಆಸೆ ಕಂಡ ಮೇಲೆ ಪೇಂಟರಿಗೆ ಮಾತು ನುಂಗಿಕೊಳ್ಳುವ ದಾರಿ ಉಳಿಯಲಿಲ್ಲ.

ಮುಂದಿನ ವಾರ ಇಬ್ಬರೂ ಬಟ್ಟೆಯ ಬ್ಯಾಗು ಹಿಡಿದು ಜೆಟ್ಟಿಗೆ ಬಂದರು. ನೌಕೆಯ ಯಜಮಾನ ನಗುಮುಖದ ಮನುಷ್ಯ. ಮುಂಗಡ ಎಣಿಸಿಕೊಂಡು ರಸೀದಿ ಕೊಟ್ಟ ಮೇಲೆ ಬಾಯಿಬಿಟ್ಟ. ಫೋನಿನಲ್ಲಿ ಇದ್ದದ್ದು ಬರೀ ನೌಕೆಯ ಬಾಡಿಗೆಯಂತೆ. ಕ್ಯಾಪ್ಟನ್ ಸಂಬಳ ಅದು ಬೇರೆ. ಡೀಸೆಲ್ ಅದು ಬೇರೆ. ರಾತ್ರಿ ಯಾವ ಬಂದರಿನಲ್ಲಿ ನಿಲ್ಲಿಸಿದರೂ ಅಲ್ಲಿಯ ಶುಲ್ಕ, ಅಡುಗೆಯವನು, ಹಾಸಿಗೆ ಹೊದಿಕೆ ಒಗೆಯುವ ಖರ್ಚು, ಕೊನೆಗೆ ಡೆಪಾಸಿಟ್. ಒಟ್ಟು ಬಾಡಿಗೆಯ ಮೂರು ಪಟ್ಟು.

ಕೋಪ ಬರಬೇಕಿತ್ತು, ಪೇಂಟರಿಗೆ ಬಂದದ್ದು ಗೌರವ. ಎಲ್ಲಿ ಮಾತು ತಡೆಯಬೇಕು, ಎಲ್ಲಿ ನಗಬೇಕು, ದೊಡ್ಡದನ್ನು ಯಾಕೆ ಕೊನೆಗಿಡಬೇಕು, ಎಲ್ಲ ತಮ್ಮದೇ ವಿದ್ಯೆ. ಈತ ಅದಕ್ಕೆ ಇನ್ನೊಂದು ಕೋಟ್ ಹೊಡೆದಿದ್ದ, ಅಷ್ಟೇ. ಮಾಡಿದ್ದುಣ್ಣೋ ಮಹಾರಾಯ ಎಂದುಕೊಳ್ಳುತ್ತಾ ಇಂಗು ತಿಂದ ಮಂಗನ ಹಾಗೆ ನಿಂತರು.

ಹೆಂಡತಿ ಮಾತ್ರ ಗಿರಾಕಿಗಳ ಜಗಳ ಕೇಳಿ ಪಳಗಿದವರು. ನೌಕೆಯನ್ನು ಇಲ್ಲೇ ಕಟ್ಟಿದ್ದರೆ ಕ್ಯಾಪ್ಟನ್ ಬೇಕಾ ಎಂದು ಯಜಮಾನನನ್ನು ಕೇಳಿದರು. ಬೇಡ. ಡೀಸೆಲ್? ಅದೂ ಬೇಡ. ಹಾಗಾದರೆ ಕೊಟ್ಟ ಮುಂಗಡಕ್ಕೆ ಸಂಜೆತನಕ ಇರುತ್ತೇವೆ ಎಂದು ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿಯೇಬಿಟ್ಟರು.

ಹಗ್ಗಕ್ಕೆ ಕಟ್ಟಿದ ನೌಕೆ ಅಲೆಗೆ ಸಣ್ಣಗೆ ತೂಗುತ್ತಿತ್ತು. ಹೆಂಡತಿ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತರು. ಇಡೀ ಸಮುದ್ರ ಎದುರಿಗಿತ್ತು, ಒಂದು ಗೇಣೂ ಹತ್ತಿರವಾಗದೆ. ಹಿಂದೆಯೇ ಹತ್ತಿದ ಪೇಂಟರು ನಾಚಿಕೆಯಿಂದ ಬಟ್ಟೆಯ ಬ್ಯಾಗನ್ನು ಬೆನ್ನ ಹಿಂದೆ ಸರಿಸಿದರು. ಅಷ್ಟರಲ್ಲಿ ಹೆಂಡತಿಗೆ ಫೋನು ಬಂತು. ಅಕ್ಕ.

“ಹೂಂ ಅಕ್ಕ, ಯಾಟ್‌ನಲ್ಲೇ ಇದ್ದೀವಿ. ಇಲ್ಲ, ಅವರೇ ಎಲ್ಲಾ ನೋಡ್ಕೊಂಡ್ರು. ನಂಗೇನೂ ತೊಂದ್ರೆ ಇಲ್ಲ.”

ಫೋನು ಕೆಳಗಿಟ್ಟು, ಪೇಂಟರ ಕಡೆ ತಿರುಗದೆ, ಜೆಟ್ಟಿಯ ಕಂಬಕ್ಕೆ ಸುತ್ತಿದ್ದ ಹಗ್ಗವನ್ನು ನೋಡುತ್ತಾ ಅಂದರು:

“ಕಟ್ಟಿಹಾಕಿರೋದು, ಅದು ಬೇರೆ.”