ಪೂಜೆಗೆ ಕೂತ ಜನರಲ್

ಮೊನ್ನೆ ಸರಸ್ವತಿ ಪೂಜೆಗೆಂದು ಅಟ್ಟದಿಂದ ಪುಸ್ತಕಗಳನ್ನು ಇಳಿಸುತ್ತಿದ್ದಾಗ, ಹಳೆಯ ಕ್ಯಾಲೆಂಡರ್ ಹಾಳೆಯ ಬೈಂಡು ಹಾಕಿದ ದಪ್ಪ ಪುಸ್ತಕವೊಂದು ಕೈಗೆ ಬಂತು. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಚಾಮರಾಜಪೇಟೆಯ ಮನೆಯ ಹಜಾರದಲ್ಲಿ ತಾತನ ಕುರ್ಚಿಯ ಪಕ್ಕ ಕೂತಂತಾಯಿತು. ಅದರ ಹಿಂದಿನ ದಿನವಷ್ಟೇ ನಾನು ಡ್ರೈವಿಂಗ್ ಟೆಸ್ಟಿನಲ್ಲಿ ಎರಡನೇ ಸಲ ಫೇಲಾಗಿ, ಈ ವಯಸ್ಸಿಗೆ ನನಗೆ ಆಟೋನೇ ಸರಿ ಎಂದು ಮನೆಯವರ ಮುಂದೆ ಸಾರಿಬಿಟ್ಟಿದ್ದೆ. ಅದಿರಲಿ.

ತಾತ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರಾಗಿದ್ದವರು. ಅಮೆರಿಕವನ್ನು ಕಟ್ಟಿದ ಮುತ್ಸದ್ದಿಗಳು, ಸೇನಾಪತಿಗಳ ಜೀವನಚರಿತ್ರೆಗಳೆಂದರೆ ಅವರಿಗೆ ಪ್ರಾಣ. ಅವೆನ್ಯೂ ರಸ್ತೆಯ ಫುಟ್‌ಪಾತಿನಿಂದ ಹಳೇ ಪುಸ್ತಕ ಹೊತ್ತು ತಂದು, ಓದಿ ಓದಿ, ಆ ಮಹನೀಯರನ್ನೆಲ್ಲ ಪಕ್ಕದ ಬೀದಿಯ ನೆಂಟರನ್ನಾಗಿ ಮಾಡಿಕೊಂಡಿದ್ದರು. ಚಕ್ಕುಲಿ ಗಟ್ಟಿ ಎಂದು ನಾನು ಮೂತಿ ತಿರುವಿದರೆ, "ಅಮೆರಿಕದ ಮೊದಲನೇ ಅಧ್ಯಕ್ಷರು ಬಾಯಲ್ಲಿ ಒಂದೇ ಹಲ್ಲಿಟ್ಕೊಂಡು ದೇಶ ಆಳಿದಾರೆ ಕಣೇ, ತಿನ್ನು" ಎನ್ನುತ್ತಿದ್ದರು.

ತೊಂಬತ್ತರ ದಶಕದ ಒಂದು ವರ್ಷ ಅವರ ಕಣ್ಣಿನ ಪೊರೆ ತೆಗೆದರು. ಒಂದು ತಿಂಗಳು ಓದುವಂತಿಲ್ಲ. ಆ ಮೊದಲನೇ ಅಧ್ಯಕ್ಷರ ಕಥೆಯನ್ನು, ಅಂದರೆ ಮೊನ್ನೆ ಅಟ್ಟದಿಂದ ಇಳಿದ ಇದೇ ಪುಸ್ತಕವನ್ನು, ದಿನಾ ಗಟ್ಟಿಯಾಗಿ ಓದಿ ಹೇಳುವ ಕೆಲಸ ನನಗೆ ಬಿತ್ತು. ಬಿಎಸ್ಸಿ ಗಣಿತದಲ್ಲಿ ಡುಮ್ಕಿ ಹೊಡೆದು, ಮರುಪರೀಕ್ಷೆ ಬರೆದು, ಫಲಿತಾಂಶಕ್ಕೆ ಕಾಯುತ್ತಿದ್ದ ನನಗಿಂತ ಬಿಡುವಿನವರು ಮನೆಯಲ್ಲಿ ಯಾರಿದ್ದರು? ಆ ಅಧ್ಯಕ್ಷರು ಮೊದಲು ಸೈನ್ಯದ ಜನರಲ್ ಆಗಿದ್ದಾಗ ಗೆದ್ದದ್ದನ್ನೆಲ್ಲ ಹುರುಪಿನಿಂದಲೇ ಓದಿದೆ. ಸೋತು ಹಿಂದೆ ಸರಿದ ಅಧ್ಯಾಯ ಬಂತು ನೋಡಿ, ನಲವತ್ತು ಪುಟ ಬರೀ ಕೆಸರು, ಮಂಜು, ದೋಣಿ! ಎರಡು ಪುಟಕ್ಕೇ ಸುಸ್ತಾದೆ. ಪುಣ್ಯಕ್ಕೆ ನವರಾತ್ರಿ ಬಂತು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಓದುವಂತಿಲ್ಲವಲ್ಲ! ಜನರಲ್ ಸಾಹೇಬರನ್ನು ಭಕ್ತಿಯಿಂದ ಸರಸ್ವತಿಯ ಮುಂದೆ ಕೂರಿಸಿ, ತಲೆಯ ಮೇಲೆ ಎರಡು ಸೇವಂತಿಗೆ ಇಟ್ಟೆ. ದಶಮಿಯ ದಿನ ತೆಗೆದು, ಏನೂ ಅರಿಯದವಳಂತೆ ಮುಂದಿನ ಅಧ್ಯಾಯದಿಂದ ಶುರು ಮಾಡಿದೆ. ತಾತ ಹೂಂಗುಟ್ಟುತ್ತ ಕೇಳಿಸಿಕೊಂಡರು.

ಮುಂದಿನ ವಾರ ಫಲಿತಾಂಶ ಬಂತು. ಮತ್ತೆ ಡುಮ್ಕಿ. "ಇನ್ನು ಪರೀಕ್ಷೆ ಬರೆಯಲ್ಲ ತಾತ, ಕಾಲೇಜು ಬಿಟ್ಬಿಡ್ತೀನಿ" ಎಂದು ಅತ್ತೆ.

"ಆಯ್ತು, ಬಿಡು. ಆ ದೋಣಿ ಅಧ್ಯಾಯ ಹಾರಿಸಿದ್ಯಲ್ಲ, ಈಗ ಅದನ್ನೋದು."

ನನ್ನ ಅಳು ಅಲ್ಲಿಗೇ ನಿಂತಿತು. "ಗೊತ್ತಿತ್ತಾ? ಮತ್ಯಾಕೆ ಸುಮ್ನಿದ್ರಿ?"

"ಎರಡು ಸಲ ಓದಿರೋ ಪುಸ್ತಕ ಕಣೇ. ಬೇಕಾದಾಗ ಕೇಳೋಣ ಅಂತ ಇದ್ದೆ."

ಮೂಗೊರೆಸಿಕೊಂಡು ಓದಿದೆ. ಸೋತ ಜನರಲ್ ತಮ್ಮ ಸೈನಿಕರನ್ನೆಲ್ಲ ದೋಣಿ ಹತ್ತಿಸಿ, ಕೊನೆಯ ದೋಣಿಯಲ್ಲಿ ತಾವು ನದಿ ದಾಟುತ್ತಾರೆ. ದಾಟಿ, ಮತ್ತೆ ಯುದ್ಧಕ್ಕೆ ನಿಲ್ಲುತ್ತಾರೆ. ಓದಿ ಮುಗಿಸಿ ನೋಡಿದರೆ, ತಾತ ಕಪ್ಪು ಕನ್ನಡಕದೊಳಗೇ ನಗುತ್ತಿದ್ದರು. ಅವರ ಮೇಲೆ ಅಷ್ಟು ಪ್ರೀತಿ ನನಗೆ ಇನ್ಯಾವತ್ತೂ ಉಕ್ಕಿರಲಿಲ್ಲ. ಮೂರನೇ ಸಲ ಗಣಿತ ಪಾಸಾಯಿತು. ಮೂವತ್ತೊಂಬತ್ತೇ ಅಂಕ, ಆದರೂ ಪಾಸು ಪಾಸೇ.

ಮೊನ್ನೆ ಎಲ್ಲ ಪುಸ್ತಕಗಳನ್ನೂ ಪೂಜೆಗೆ ಜೋಡಿಸಿ, ಇದೊಂದನ್ನು ಕೈಯಲ್ಲೇ ಉಳಿಸಿಕೊಂಡೆ.

"ಇದನ್ಯಾಕೆ ಇಡ್ಲಿಲ್ಲ?" ಎಂದರು ಮನೆಯವರು.

"ಓದೋದಿದೆ," ಎಂದೆ. "ಹಾಗೇ, ಡ್ರೈವಿಂಗ್ ಟೆಸ್ಟಿಗೆ ಇನ್ನೊಂದು ದಿನ ಗೊತ್ತು ಮಾಡಿಬಿಡಿ."