ಕೇಳ್ಕೋಂತ ಬರ್ರಿ: ನೀಲವ್ವ ಕಾಕುವಿನ ವಿಳಾಸ

ನೀಲವ್ವ ಕಾಕು ಫೋನನ್ನು ಎಂದೂ ಕಿವಿಗೆ ಹಚ್ಚಿದವಳಲ್ಲ. ಈಗಷ್ಟೇ ಹಂಚಿನಿಂದ ಇಳಿಸಿದ ರೊಟ್ಟಿಯಂತೆ ಎರಡು ಬೆರಳಲ್ಲಿ, ಮುಖದಿಂದ ಒಂದು ಮೊಳ ದೂರ ಹಿಡಿಯುತ್ತಿದ್ದಳು. ಅತ್ತ ಕಡೆಯವರು ಗೋಕಾಕದವರಾದರೆ ಗೋಕಾಕಕ್ಕೆ ಮುಟ್ಟುವಷ್ಟು, ಪುಣೆಯವರಾದರೆ ಪುಣೆಗೆ ಮುಟ್ಟುವಷ್ಟು ದನಿ ತೆಗೆಯುತ್ತಿದ್ದಳು. ಯಾರು ವಿಳಾಸ ಕೇಳಿದರೂ ಉತ್ತರ ಮಾತ್ರ ಒಂದೇ: "ಮೂಡಲಗಿಗೆ ಬರ್ರಿ. ಕೇಳ್ಕೋಂತ ಬರ್ರಿ." ಓಣಿಯ ಹೆಸರಿಲ್ಲ, ಮನೆ ನಂಬರಿಲ್ಲ, ಬಾಗಿಲ ಮೇಲೆ ಬೋರ್ಡಂತೂ ಇಲ್ಲವೇ ಇಲ್ಲ. ಕೊರಿಯರ್ ಹುಡುಗರು ಅವಳ ಹೆಸರು ಕೇಳಿದರೆ ಹಲ್ಲು ಕಡಿಯುತ್ತಿದ್ದರು.

ನಮ್ಮ ಎದುರು ಮನೆಯವಳು. ಗಂಡ ತೀರಿದ ಮೇಲೆ ಪಡಸಾಲೆಯಲ್ಲಿ ಖಡಕ್ ರೊಟ್ಟಿ ಬಡಿಯಲು ಕೂತವಳು, ನಾನು ಇಂಜಿನಿಯರಿಂಗಿನ ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಹನ್ನೊಂದು ಹೆಣ್ಣುಮಕ್ಕಳನ್ನು ಜೊತೆಗೆ ಕೂರಿಸಿಕೊಂಡಿದ್ದಳು. ಆ ಹನ್ನೊಂದರಲ್ಲಿ ಏಳು ಮಂದಿಯ ದನಿ ನಾನು ಥೇಟ್ ಅವರಂತೆಯೇ ತೆಗೆಯಬಲ್ಲೆ. ಬಸ್ ಕಂಡಕ್ಟರ್, ನಮ್ಮ ಪ್ರಿನ್ಸಿಪಾಲರು, ಸ್ವಂತ ಅಪ್ಪ, ಯಾರನ್ನೂ ಬಿಟ್ಟಿಲ್ಲ. ಆದರೆ ಊರಿಗೆ ಹೆಚ್ಚು ಸೇರುತ್ತಿದ್ದದ್ದು ನನ್ನ ನೀಲವ್ವ ಕಾಕು. ಕೈಯಲ್ಲಿ ಚಪ್ಪಲಿಯನ್ನೋ ಸಾಬೂನನ್ನೋ ಒಂದು ಮೊಳ ದೂರ ಹಿಡಿದು "ಕೇಳ್ಕೋಂತ ಬರ್ರಿ" ಅಂದರೆ ಓಣಿಗೆ ಓಣಿಯೇ ನಗುತ್ತಿತ್ತು. ನನ್ನ ಸ್ವಂತ ದನಿಯಲ್ಲಿ ಮಾತಾಡಿದಾಗ ಮಾತ್ರ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅದರಲ್ಲಿ ಹುರುಳು ಕಡಿಮೆ ಎಂದು ಅವರಿಗೂ ಗೊತ್ತಿತ್ತು.

ಪುಣೆಯ ಒಬ್ಬ ಅಂಗಡಿಕಾರರು ಪ್ರತಿ ವಾರ ರೊಟ್ಟಿ ತರಿಸುವ ಮಾತಾಡಿದರು. ಆದರೆ ಅವರಿಗೆ ಎಲ್ಲವೂ ಬರಹದಲ್ಲಿ ಬೇಕು, ಮೇಲ್ ಬೇಕು, ಇಂಟರ್ನೆಟ್ಟಿನಲ್ಲಿ ನೋಡಲು ಒಂದು ಪುಟ ಬೇಕು. ನಾನು ಪುಕ್ಕಟೆ ಸಿಗುವ ಕಡೆ ಒಂದು ಪುಟ ಮಾಡಿದ್ದೆ. ಅದರ ವಿಳಾಸ ಗೂಡ್ಸ್ ಗಾಡಿಯಷ್ಟು ಉದ್ದ, ಹಿಂದೆ ಅಂಕಿಗಳ ಡಬ್ಬಿ ಬೇರೆ. ಅದನ್ನು ಫೋನಿನಲ್ಲಿ ಹೇಳಲು ಹೋಗಿ ಕಾಕು ಮೂರು ಸಲ ಉಸಿರು ತೆಗೆದುಕೊಂಡಳು. ಕೊನೆಗೆ ಸಿಟ್ಟಿಗೆದ್ದು ಪುಣೆಯವರಿಗೂ ಮೂಡಲಗಿಗೆ ಕೇಳ್ಕೋಂತ ಬರಲು ಹೇಳಿ ಫೋನಿಟ್ಟಳು.

ಆಗ ನಾನು ಹಿಟ್ಟಿನ ಪರಾತದ ಬಾಜೂ ಲ್ಯಾಪ್‌ಟಾಪ್ ಇಟ್ಟು ಪಾಠ ಶುರು ಮಾಡಿದೆ. ಕಂಪ್ಯೂಟರಿಗೆ ಹೆಸರಿನಿಂದ ದಾರಿ ತಿಳಿಯುವುದಿಲ್ಲ, ಅಂಕಿ ಬೇಕು. ಯಾರಾದರೂ ನಿಮ್ಮ ಹೆಸರು ಬರೆದರೆ ಅದು ಮೊದಲು ಎಲ್ಲಕ್ಕೂ ಮೇಲಿನ ಯಂತ್ರವನ್ನು ಕೇಳುತ್ತದೆ. ಅದಕ್ಕೆ ನೀವು ಗೊತ್ತಿಲ್ಲ, ಆದರೆ 'ಡಾಟ್ ಇನ್' ಎಂದು ಮುಗಿಯುವ ಹೆಸರುಗಳನ್ನು ಯಾರು ನೋಡಿಕೊಳ್ಳುತ್ತಾರೆಂದು ಗೊತ್ತು. ಅವರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ಆ ಕೊನೆಯವರ ಹತ್ತಿರ ನಿಮ್ಮ ಅಂಕಿ ಇರುತ್ತದೆ. ನಮ್ಮದೇ ಒಂದು ಹೆಸರು ಕೊಂಡರೆ ಆಯಿತು. ನಾಳೆ ಪುಟವನ್ನು ಯಾವ ಯಂತ್ರಕ್ಕೆ ಎತ್ತಿಟ್ಟರೂ ಗಿರಾಕಿಗೆ ಅದೇ ಹೆಸರು, ಮೇಲ್ ಕೂಡ ಅದೇ ಹೆಸರಿನಲ್ಲಿ. ಇಷ್ಟನ್ನು ನಾನು ನಮ್ಮ ಪ್ರೊಫೆಸರರ ದನಿಯಲ್ಲೇ, ಮೂಗಿನಿಂದ ಹೇಳಿದೆ.

ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಬಸ್ ಸ್ಟ್ಯಾಂಡಿನ್ಯಾಗ ಇಳದಾವ ಪಾನ್ ಅಂಗಡ್ಯಾಗ ಕೇಳ್ತಾನ. ಅವಗ ನಮ್ಮ ಓಣಿ ಅಷ್ಟ ಗೊತ್ತ. ಓಣಿಗೆ ಬಂದ್ರ ಗಿರಣಿ ಮಲ್ಲಪ್ಪ ಮನಿ ತೋರಸ್ತಾನ. ಇಷ್ಟ ಕಲ್ಯಾಕ ನಾಕ ವರ್ಷ ಹಿಡೀತೇನೋ ಬಸ್ಯಾ ನಿನಗ?"

ಹನ್ನೊಂದು ಮಂದಿಯೂ ನಕ್ಕರು. ನನಗೆ ಉರಿಯಿತು, ಯಾಕೆಂದರೆ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ನಾನು ಬರೆದ ಉತ್ತರ ಇದಕ್ಕಿಂತ ಸುಮಾರಾಗಿತ್ತು.

ಹೆಸರು ಕೊಂಡೆವು. 'ನೀಲವ್ವನ ರೊಟ್ಟಿ', ಕೊನೆಗೆ ಡಾಟ್ ಇನ್. ಕಾಕು ಕೇಳಿದ ಪ್ರಶ್ನೆ ಒಂದೇ: "ಇದರ ಉತಾರ ಯಾರ ಹೆಸರಿಗೈತಿ?" ಹೊಲಕ್ಕೆ ಉತಾರ ಇದ್ದಂತೆ ಇದಕ್ಕೂ ಮಾಲೀಕರ ಹೆಸರಿನ ದಾಖಲೆ ಇರಬೇಕು ಎಂಬುದು ಅವಳ ಲೆಕ್ಕ. ಇರುತ್ತದೆ ಕೂಡ. ಸದ್ಯಕ್ಕೆ ನನ್ನ ಕಾಲೇಜಿನ ಮೇಲ್ ಕೊಟ್ಟಿದ್ದೇನೆ, ಆಮೇಲೆ ನಿಮ್ಮದು ಹಾಕುತ್ತೇನೆ ಎಂದೆ. ಮಾಲೀಕರ ಹೆಸರಿನ ಜಾಗದಲ್ಲಿ ಏನು ಬರೆದೆ ಎಂದು ಮಾತ್ರ ಹೇಳಲಿಲ್ಲ. ಅಲ್ಲಿ 'ರೊಟ್ಟಿ ರಾಣಿ' ಎಂದು ಬರೆದು ಒಬ್ಬನೇ ನಕ್ಕಿದ್ದೆ.

ಪುಣೆಗೆ ವಾರವಾರ ರೊಟ್ಟಿ ಹೋಗತೊಡಗಿತು. ಕೆಲವು ತಿಂಗಳಿಗೆ ಪುಟವನ್ನು ಬೇರೆ ಯಂತ್ರಕ್ಕೆ ಸ್ಥಳಾಂತರಿಸಿದೆ. ಅಂಕಿ ಬದಲಾಯಿಸಿ, ಎಲ್ಲ ಮುಗಿಯಿತೆಂದು ಸಾರಿದೆ. ಎರಡು ದಿನ ಅರ್ಧ ಗಿರಾಕಿಗಳಿಗೆ ಹೊಸ ಪುಟ, ಅರ್ಧ ಜನಕ್ಕೆ ಹಳೆಯದು. ನಾನು ತಲೆ ಚಚ್ಚಿಕೊಳ್ಳುತ್ತಿದ್ದರೆ ಕಾಕು ತಣ್ಣಗೆ ಕೂತಿದ್ದಳು. ಹಿಂದೆ ಅವಳು ರೊಟ್ಟಿ ಕೆಲಸವನ್ನು ಮನೆಯಿಂದ ಗೋಕಾಕ ರಸ್ತೆಯ ತಗಡಿನ ಶೆಡ್ಡಿಗೆ ಒಯ್ದಾಗ, ಗಿರಣಿಯ ಮಲ್ಲಪ್ಪ ಒಂದು ವಾರ ಜನರನ್ನು ಮನೆಗೇ ಕಳಿಸಿದ್ದನಂತೆ. ದಿನಕ್ಕೆ ನೂರು ಮಂದಿಗೆ ದಾರಿ ಹೇಳುವವನು ಪ್ರತಿ ಸಲ ವಿಚಾರಿಸುತ್ತಾನೆಯೇ? ತಲೆಯಲ್ಲಿದ್ದದ್ದನ್ನೇ ಹೇಳುತ್ತಾನೆ. "ನೆನಪು ಹಳಸಬೇಕೋ ತಮ್ಮಾ," ಅಂದಳು. "ಹಳಸಿದ ಮ್ಯಾಲ ಹೊಸಾದು ಕೇಳ್ತಾರ. ಅಲ್ಲೀತನಕ ಹಳೀ ಮನಿ ಬಾಗಲಾನೂ ತಗದ ಇಡಬೇಕು." ನಾನು ಹಳೆಯ ಪುಟವನ್ನು ಆಗಲೇ ಅಳಿಸಿಬಿಟ್ಟಿದ್ದೆ.

ಕಾಲೇಜು ಮುಗಿಯಿತು. ಹುಕ್ಕೇರಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಓದು ಮುಗಿಸಿದವರ ಮೇಲ್ ಅನ್ನು ಕಾಲೇಜಿನವರು ಮುಚ್ಚುತ್ತಾರೆ. ಮುಂಚೆಯೇ ತಿಳಿಸಿದ್ದರು, ಆ ಸೂಚನೆಯನ್ನೂ ನಾನು ಪ್ರಿನ್ಸಿಪಾಲರ ದನಿಯಲ್ಲಿ ಓದಿ ಗೆಳೆಯರನ್ನು ನಗಿಸಿದ್ದೆ. ಹೆಸರನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ನವೀಕರಿಸಿ, ನವೀಕರಿಸಿ ಎಂದು ಹೆಸರು ಮಾರಿದ ಕಂಪನಿ ಕಳಿಸಿದ ಪತ್ರಗಳೆಲ್ಲ ಮುಚ್ಚಿದ ಆ ಬಾಗಿಲಿಗೆ ಬಡಿದು ಬಿದ್ದವು.

ಚಳಿಗಾಲದ ಶುರುವಿನಲ್ಲಿ ಕಾಕುವಿನ ಫೋನ್ ಬಂತು. ಪುಣೆಯವರ ಮೇಲ್ ವಾಪಸ್ ಹೋಗಿದೆ, ಹೆಸರು ಬರೆದರೆ ಪುಟವೇ ಇಲ್ಲ, ಅಂಗಡಿ ಮುಚ್ಚಿದಿರೇನು ಎಂದು ಕೇಳುತ್ತಿದ್ದಾರೆ. ಇಡೀ ಚಳಿಗಾಲದ ಆರ್ಡರ್ ಅದರ ಮೇಲೆ ನಿಂತಿತ್ತು.

ಪಾಸ್‌ವರ್ಡ್ ಮರೆತಿದ್ದೆ. ಹೊಸ ಪಾಸ್‌ವರ್ಡ್ ಕೇಳಿದರೆ ಅದು ಕಾಲೇಜಿನ ಮೇಲ್‌ಗೇ ಹೋಗುತ್ತಿತ್ತು. ಕಂಪನಿಗೆ ಫೋನ್ ಮಾಡಿದರೆ ಸಂಗೀತ. ಒಂದು ಹಾಡು ಮುಗಿದು ಮತ್ತೆ ಅದೇ ಹಾಡು. ನಾಲ್ಕನೆಯ ದಿನ ಒಬ್ಬ ಹುಡುಗಿ ಸಿಕ್ಕಳು. ಮಾಲೀಕರ ಗುರುತಿನ ಚೀಟಿ ಕಳಿಸಿ ಎಂದಳು. ಮಾಲೀಕರ ಹೆಸರು ಅದಲ್ಲ, ಅದೊಂದು ತಮಾಷೆ ಎಂದು ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ಬಹಳ ಮರ್ಯಾದೆಯಿಂದ ಹೇಳಿದಳು: "ಸರಿ ಸರ್. ಹಾಗಾದರೆ ರೊಟ್ಟಿ ರಾಣಿಯವರ ಗುರುತಿನ ಚೀಟಿ ಕಳಿಸಿ."

ಯಾವ ಕಚೇರಿಯಲ್ಲೂ ರೊಟ್ಟಿ ರಾಣಿಗೆ ಚೀಟಿ ಕೊಡುವುದಿಲ್ಲ. ಅರ್ಜಿ ಬರೆದೆ, ಮತ್ತೆ ಬರೆದೆ, ಬೈದೆ, ಬೇಡಿಕೊಂಡೆ. ಗಡುವು ಮುಗಿದ ಮೇಲೂ ನವೀಕರಿಸಲು ಬಿಡುವ ಹೆಚ್ಚಿನ ದಿನಗಳು ಒಂದೊಂದಾಗಿ ಕಳೆದವು. ಒಂದು ಬೆಳಿಗ್ಗೆ ಹೆಸರು ಬರೆದು ನೋಡಿದರೆ ಪುಟ ತೆರೆಯಿತು. 'ಈ ಹೆಸರು ಮಾರಾಟಕ್ಕಿದೆ.' ಯಾರೋ, ಎಲ್ಲೋ ಕೂತು, ರೊಟ್ಟಿಯ ಮುಖವನ್ನೇ ನೋಡದವರು ಕೊಂಡಿದ್ದರು.

ಪುಣೆಯವರು ಬೇರೆ ಕಡೆ ಹೋದರು. ಐದು ಮಂದಿ ಹೆಣ್ಣುಮಕ್ಕಳು ಆ ಚಳಿಗಾಲ ಕೆಲಸವಿಲ್ಲದೆ ಮನೆಯಲ್ಲಿ ಕೂತರು. ಹುಕ್ಕೇರಿಯಿಂದ ಬಸ್ಸಿನಲ್ಲಿ ಬರುವಾಗ ಅವಳು ಬೈದರೆ ಹೇಗೆ ಬೈಯಬಹುದೆಂದು ಅವಳ ದನಿಯಲ್ಲೇ ಒಳಗೊಳಗೆ ಹೇಳಿಕೊಂಡು ಬಂದಿದ್ದೆ. ಅವಳು ಬೈಯಲಿಲ್ಲ. ಖಾಲಿ ಬಿದ್ದ ಐದು ಹಂಚುಗಳ ಕಡೆ ನೋಡಿ ಮೆಲ್ಲಗೆ ಅಂದಳು:

"ನನ್ನ ದನಿ ಎಷ್ಟ ಚಂದ ತಗೀತಿ. ನನ್ನ ಹೆಸರ ಒಂದ ನೆಟ್ಟಗ ಬರಿಯಾಕ ಬರಲಿಲ್ಲ ನಿನಗ."

ಆ ಮಾತನ್ನು ನಾನು ಇವತ್ತಿನವರೆಗೂ ಯಾರ ಮುಂದೆಯೂ ಅಣಕಿಸಿಲ್ಲ.

ಹೊಸ ಹೆಸರನ್ನು ಅವಳೇ ಕೂತು ಬರೆಸಿದಳು. ತೊಡೆಯ ಮೇಲೆ ಆಧಾರ್ ಕಾರ್ಡ್, ಬಾಜೂ ಮಗಳು ಸುವರ್ಣಾ. ಒಂದೊಂದು ಅಕ್ಷರವನ್ನೂ ನನ್ನಿಂದ ಗಟ್ಟಿಯಾಗಿ ಓದಿಸಿದಳು. ಮೇಲ್ ಅವಳದು, ಎರಡನೆಯ ಫೋನ್ ನಂಬರ್ ಸುವರ್ಣಾಳದು, ನನ್ನದು ಎಲ್ಲೂ ಇಲ್ಲ. ಆಮೇಲೆ ಹಳೆಯ ಗಿರಾಕಿಗಳಿಗೆ ಒಬ್ಬೊಬ್ಬರಿಗೂ ತಾನೇ ಫೋನ್ ಹಚ್ಚಿ, ಒಂದು ಮೊಳ ದೂರದಿಂದ ಹೊಸ ಹೆಸರು ಕೂಗಿದಳು. ಖಾಲಿ ಹಂಚುಗಳ ಮುಂದೆ ಮತ್ತೆ ಜನ ಕೂರಲು ಎರಡು ವರ್ಷ ಹಿಡಿಯಿತು.

ಹೋದ ವರ್ಷ ನಾಲ್ಕು ದಿನದ ಜ್ವರದಲ್ಲಿ ಕಾಕು ಹೋದಳು. ಹಳೆಯ ಹೆಸರು ಇನ್ನೂ ಮಾರಾಟಕ್ಕಿದೆ. ಆಗಾಗ ಬರೆದು ನೋಡಿ ಹೊಟ್ಟೆ ಉರಿಸಿಕೊಳ್ಳುತ್ತೇನೆ.

ಈಚೆಗೆ ಆ ಹೊಸ ಹೆಸರಿನ ಉತಾರವನ್ನು ಕಾಕುವಿನಿಂದ ಸುವರ್ಣಾಳಿಗೆ ಮಾಡಿಕೊಡಬೇಕಾಗಿ ಬಂತು. ಶೆಡ್ಡಿನಲ್ಲಿ ಕೂತು ಕಂಪನಿಗೆ ಫೋನ್ ಹಚ್ಚಿದೆವು. ಅದೇ ಹಾಡು. ಕೊನೆಗೆ ಅತ್ತ ಕಡೆಯವರು ಕೇಳಿದರು: "ನೀಲವ್ವ ಅವರು ಮಾತಾಡುತ್ತಿದ್ದಾರಾ?"

ಸುವರ್ಣಾ ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ಬಡಿಯುವ ಕೈಗಳೆಲ್ಲ ನಿಂತು ಎಲ್ಲರೂ ನನ್ನನ್ನೇ ನೋಡಿದರು. ಕಾಕುವಿನ ದನಿಯಲ್ಲಿ ಒಂದು 'ಹೂಂ' ಅಂದರೆ ಸಾಕಿತ್ತು. ದನಿ ಗಂಟಲಿನಲ್ಲೇ ಇತ್ತು.

"ಆಕಿ ಇಲ್ರಿ," ಅಂದೆ. ಯಾರದೂ ಅಲ್ಲದ, ನನ್ನದೇ ಸುಮಾರು ದನಿ. "ಮಗಳ ಅದಾಳ. ಕಾಗದ ಎಲ್ಲಾ ಅದಾವು. ಹೆಸರ ಬರಕೋರಿ."

ಆಮೇಲೆ ಒಂದೊಂದೇ ಅಕ್ಷರ ಹೇಳಿದೆ.