ಆಕಾಶಕ್ಕೆ ಚೌಕ ಇರಲಿಲ್ಲ

ನಮ್ಮ ಭಾವನನ್ನ ಯಾರಾದರೂ "ಪಾಪ, ಒಳ್ಳೇ ಮನುಷ್ಯ" ಅಂದರೆ ನನಗೆ ಮೈಯೆಲ್ಲ ಉರಿಯುತ್ತೆ. ಆ ಒಳ್ಳೇತನ ಕಟ್ಟಿಕೊಂಡು ಏನು ಮಾಡೋದು? ಅಕ್ಕನ ಗಂಡ ಅಂತ ಬಾಯಿ ಮುಚ್ಚಿಕೊಂಡು ಇರೋಳಲ್ಲ ನಾನು. ವಿಮಾನ ನಿಲ್ದಾಣದ ನೌಕರರ ಕ್ಯಾಂಟೀನಿನಲ್ಲಿ ಹದಿನೆಂಟು ವರ್ಷ ಟೀ ಕಾಸಿದ್ದೀನಿ. ಭಾವ ಎದುರಿನ ತಗಡಿನ ಶೆಡ್ಡಿನಲ್ಲಿ ಟೆಕ್ನೀಷಿಯನ್. ನಡೆದಿದ್ದನ್ನೆಲ್ಲ ಕಣ್ಣಾರೆ ಕಂಡವಳು ನಾನು.

ಶೆಡ್ಡಿನೊಳಗೆ ಒಂದು ರಿಸೀವರ್. ಉಪಗ್ರಹದ ಸಿಗ್ನಲ್ಲನ್ನ ನೆಲದ ಮೇಲಿಂದ ಹಿಡಿದು, ಎಷ್ಟು ತಪ್ಪಿದೆ ಅಂತ ನೋಡಿ, ಇಳಿಯೋ ವಿಮಾನಕ್ಕೆ ತಿದ್ದಿ ಹೇಳೋದು ಅದರ ಕೆಲಸ. ತನಗೇ ನಂಬಿಕೆ ಬರದಿದ್ದರೆ ಕೆಂಪು ದೀಪ ಹಾಕಿ ಸುಮ್ಮನಾಗಿಬಿಡುತ್ತೆ. "ಎಷ್ಟೋ ಮನುಷ್ಯರಿಗಿಂತ ವಾಸಿ" ಅಂತಿದ್ದರು ಭಾವ.

ವರ್ಷಕ್ಕೆ ಎರಡು ಸಲ, ಒಂದೆರಡು ತಿಂಗಳು, ಹೊತ್ತು ಮುಳುಗಿದ ಮೇಲೆ ಆ ಕೆಂಪು ದೀಪ ಬರೋದು. ಮೊದಲ ವರ್ಷ ಭಾವ ಒಂದೊಂದು ಸ್ಕ್ರೂ ಬಿಚ್ಚಿ ನೋಡಿದರು. ಏನೂ ಕೆಟ್ಟಿರಲಿಲ್ಲ. ಆಮೇಲೆ ಪುಸ್ತಕ ತರಿಸಿ ಓದಿ, ಒಂದಿನ ಟೀ ಕುಡಿಯುತ್ತಾ ನನಗೆ ಪಾಠ ಶುರು ಮಾಡಿದರು.

"ನೋಡಮ್ಮ, ತಲೆ ಮೇಲೆ ನೂರಾರು ಕಿಲೋಮೀಟರ್ ಎತ್ತರದಲ್ಲಿ ಅಯಾನುಗೋಳ ಅಂತ ಒಂದು ಪದರ ಇದೆ. ಹಗಲೆಲ್ಲ ಬಿಸಿಲು ಬಿದ್ದು ಅಲ್ಲಿಯ ಗಾಳಿಗೆ ವಿದ್ಯುತ್ ತುಂಬಿಕೊಂಡಿರುತ್ತೆ. ಕೆಲವು ಸಂಜೆ ಅದರಲ್ಲಿ ಗುಳ್ಳೆ ಏಳುತ್ತೆ, ನಿನ್ನ ಟೀ ಕುದಿಯೋ ಹಾಗೆ. ಅದನ್ನ ದಾಟಿ ಬರೋ ಸಿಗ್ನಲ್ ನಡುಗಿಬಿಡುತ್ತೆ."

"ಹಾಗಾದ್ರೆ ಮಷೀನಿನ ತಪ್ಪಿಲ್ಲ?"

"ಮಷೀನು ಬಂಗಾರ!"

ದೀಪ ಕೆಂಪಾದ ದಿನ ಒಂದು ಫಾರ್ಮ್ ತುಂಬಬೇಕು. ಕಾರಣ ಅನ್ನೋ ಕಡೆ ಮೂರೇ ಚೌಕ: ಕೇಬಲ್, ಕರೆಂಟ್, ಉಪಕರಣ. ಆಕಾಶಕ್ಕೆ ಚೌಕ ಇಲ್ಲ. ಭಾವ ಅಂಚಿನಲ್ಲಿ "ಅಯಾನುಗೋಳದ ಏರುಪೇರು" ಅಂತ ಬರೆದು ಕಳಿಸಿದರು. ಫಾರ್ಮ್ ವಾಪಸ್ ಬಂತು. ಮತ್ತೆ ಬರೆದರು, ಮತ್ತೆ ವಾಪಸ್. ಮೂರನೇ ಸಲ ಸಾಹೇಬರೇ ಕ್ಯಾಂಟೀನಿಗೆ ಬಂದು ಎಲ್ಲರೆದುರು, "ಏನ್ರೀ ಆಕಾಶರಾಯರೇ, ಮೇಲಿರೋರನ್ನ ದೂರೋದು ಸುಲಭ ಅಲ್ವಾ?" ಅಂದರು. ಅವತ್ತಿಂದ ಆ ಹೆಸರೇ ಅಂಟಿಕೊಂಡಿತು. ಸಿಟ್ಟು ಬಂದರೆ ಅಕ್ಕನೂ ಹಾಗೇ ಕರೆಯೋಳು.

ಭಾವ ಕಲಿತುಕೊಂಡರು. ಉಪಕರಣ ಅಂದರೆ ತನಿಖೆ, ಕರೆಂಟ್ ಅಂದರೆ ಪಕ್ಕದ ವಿಭಾಗದವರ ಜೊತೆ ಜಗಳ. ಕೇಬಲ್ ಅಂದರೆ ಯಾರೂ ಏನೂ ಕೇಳಲ್ಲ. ಚೌಕಕ್ಕೆ ಗುರುತು ಹಾಕಿ, ಕೆಳಗೆ ಮುತ್ತಿನಂಥ ಅಕ್ಷರದಲ್ಲಿ "ಕೇಬಲ್ ದೋಷ" ಅಂತ ಬರೆದು ಸಹಿ ಮಾಡೋರು. ಮಾರನೇ ದಿನ ಸ್ಟೋರಿಂದ ಹೊಸ ಕೇಬಲ್ ತಂದು, ಗಟ್ಟಿಮುಟ್ಟಾಗಿರೋ ಹಳೇದನ್ನ ಕಿತ್ತು ಹಾಕೋರು. ನಿಜವನ್ನ ಮಾತ್ರ ತಮ್ಮದೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋರು. ಹನ್ನೊಂದು ವರ್ಷ ಇದೇ ನಡೀತು.

"ಸುಳ್ಳಿಗೆ ಯಾಕೆ ಸಹಿ ಹಾಕ್ತೀರಿ ಭಾವ?" ಅಂತ ಎಷ್ಟು ಸಲ ಕೇಳಿದೆನೋ.

"ಹೋಗ್ಲಿ ಬಿಡಮ್ಮ. ವಿಮಾನ ಇಳಿಸೋಕೆ ಹಳೇ ಕಂಬ ಇದೆಯಲ್ಲ."

ರನ್‌ವೇ ತುದಿಯ ಆ ರೇಡಿಯೋ ಕಂಬಗಳಿಗೆ ಉಪಗ್ರಹದ ಹಂಗಿರಲಿಲ್ಲ. ಆಕಾಶ ಕುದ್ದರೂ ಅವು ನೆಟ್ಟಗೆ ದಾರಿ ತೋರಿಸೋವು. ರಿಸೀವರ್ ಇರುವಾಗ ಇವು ದಂಡದ ಖರ್ಚು, ಅವನ್ನೇ ಕೀಳಬೇಕು ಅಂತ ಒಂದಿನ ಮೀಟಿಂಗ್ ಕರೆದರು. ನಾನು ಟೀ ಕೊಡೋಕೆ ಹೋಗಿದ್ದೆ. ಜನ್ಮದಲ್ಲಿ ಮೊದಲ ಸಲ ಭಾವ ಎದ್ದು ನಿಂತು ಮಾತಾಡಿದರು.

"ಕಂಬ ಕೀಳಬೇಡಿ ಸಾರ್. ಮೋಡ ಕೆಳಗಿದ್ದ ದಿನ ಆಕಾಶವೂ ಕೈಕೊಟ್ಟರೆ ವಿಮಾನ ಇಲ್ಲಿ ಇಳಿಯೋಕಾಗಲ್ಲ."

ಸಾಹೇಬರು ಕಡತ ಬಿಚ್ಚಿದರು. "ಇಲ್ಲಿ ನೂರಾ ನಲವತ್ತು ಸಲ ಕೇಬಲ್ ಅಂತಿದೆ. ಸಹಿ ಯಾರದ್ರೀ?"

"ನಂದೇ ಸಾರ್."

"ಆಕಾಶ ಎಲ್ಲಿದೆ ತೋರಿಸಿ ನೋಡೋಣ."

ಭಾವ ನೋಟ್‌ಬುಕ್ ಮುಂದೆ ಚಾಚಿದರು. "ಇದು ನಿಮ್ಮ ಸ್ವಂತದ್ದು, ದಾಖಲೆ ಅಲ್ಲ" ಅಂದರು ಸಾಹೇಬರು. ಎಲ್ಲ ನಕ್ಕರು. ಆ ಟೀಯನ್ನ ಅವರ ತಲೆ ಮೇಲೆ ಸುರಿಯಬೇಕಿತ್ತು ನಾನು, ಸುರಿಯಲಿಲ್ಲ. ತಿಂಗಳೊಳಗೆ ಕಂಬ ನೆಲಕ್ಕುರುಳಿತು.

ಮುಂದಿನ ಸಲ ಆ ಕೆಂಪು ದೀಪದ ತಿಂಗಳುಗಳು ಬಂದಾಗ ಭಾವನ ತಾಯಿ ಹಾಸಿಗೆ ಹಿಡಿದಿದ್ದರು. ಇವತ್ತೋ ನಾಳೆಯೋ ಅನ್ನೋ ಸ್ಥಿತಿ. ಕಿರಿ ಮಗನದ್ದೇ ಜಪ. ದೂರದ ಊರಿನಲ್ಲಿದ್ದ ಅವನು ಸಂಜೆಯ ವಿಮಾನ ಹತ್ತಿದ. ತಮ್ಮ ಬರೋ ವಿಮಾನ, ನಾನೇ ನೋಡಿಕೊಳ್ಳಬೇಕು ಅಂತ ಭಾವ ತಾಯಿಯನ್ನ ಅಕ್ಕನ ಕೈಗೆ ಬಿಟ್ಟು ಡ್ಯೂಟಿಗೆ ಬಂದರು.

ಮೋಡ ತಗ್ಗಿಗೆ ಇಳಿದಿತ್ತು. ಏಳೂಕಾಲಿಗೆ ಕೆಂಪು ದೀಪ! ಮೋಡದ ಮೇಲೆ ವಿಮಾನದ ಸದ್ದು ಎರಡು ಸುತ್ತು ಹಾಕಿ, ದೂರವಾಗಿ, ಬೇರೆ ಊರಿಗೆ ಹೋಯಿತು. ಭಾವ ಕೂತು ಫಾರ್ಮ್ ತುಂಬಿದರು. ಕೈ ತಾನಾಗಿ "ಕೇಬಲ್ ದೋಷ" ಅಂತ ಬರೆಯಿತು. ಆಮೇಲೆ ಮನೆಗೆ ಓಡಿದರು.

"ಬಂದ್ನಾ?" ಅಂದರಂತೆ ತಾಯಿ. "ಬರ್ತಾ ಇದ್ದಾನಮ್ಮ" ಅಂದರಂತೆ ಭಾವ. ಒಂಬತ್ತೂವರೆಗೆ ಜೀವ ಹೋಯಿತು.

ತಮ್ಮ ಬೆಳಿಗ್ಗೆ ಕಾರು ಮಾಡಿಕೊಂಡು ಬಂದ. ತಾಯಿಯ ಪಾದ ಹಿಡಿದು ಅತ್ತು, ಆಮೇಲೆ ತಲೆ ಎತ್ತಿ ಅಣ್ಣನನ್ನ ನೋಡಿದ.

"ಕೆಳಗೆ ಕೇಬಲ್ ಕೆಟ್ಟಿತ್ತು ಅಂತ ವಿಮಾನದವರು ಹೇಳಿದ್ರು. ಆ ಕೇಬಲ್ ನೋಡ್ಕೊಳ್ಳೋನು ನೀನೇ ಅಲ್ವೇನಣ್ಣ?"

ನಾನು ಬಾಯಿ ತೆರೆದೆ. ಭಾವ ಕೈ ಅಡ್ಡ ಮಾಡಿದರು. "ಹೂಂ ಕಣೋ" ಅಂದರು, ಅಷ್ಟೇ.

ಅಣ್ಣ ತಮ್ಮಂದಿರ ಮಾತು ನಿಂತು ಐದು ವರ್ಷ ಆಯಿತು. ಭಾವ ನಿವೃತ್ತಿಯಾಗಿ ಕಿಟಕಿ ಪಕ್ಕ ಕೂತಿರುತ್ತಾರೆ. ತಡೆಯಲಾರದೆ ನಾನೇ ಹೋದ ತಿಂಗಳು ಕದ್ದು ಆ ನೋಟ್‌ಬುಕ್ಕನ್ನ ತಮ್ಮನಿಗೆ ಅಂಚೆಯಲ್ಲಿ ಕಳಿಸಿದೆ. ಓದಲಿ, ಕಣ್ಣು ಬಿಡಲಿ ಅಂತ. ವಾರದೊಳಗೆ ವಾಪಸ್ ಬಂತು, ಒಳಗೆ ಒಂದು ಚೀಟಿ:

"ಇದನ್ನೆಲ್ಲ ಆಮೇಲೆ ಕೂತು ಬರೆದಿರಬಹುದು. ಅವತ್ತಿನ ಫಾರ್ಮಿನ ನಕಲು ನಾನು ಆಗಲೇ ತರಿಸಿಕೊಂಡಿದ್ದೀನಿ. ನಮ್ಮಣ್ಣನ ಅಕ್ಷರ ನನಗೆ ಗೊತ್ತಾಗಲ್ವಾ?"